ವೇದದಲ್ಲಿ ವಿಮಾನ, ಸಾಯಣಭಾಷ್ಯದಲ್ಲಿ ಬೆಳಕಿನ ವೇಗ: ನಮ್ಮ ಓದಿನ ಮನೆಗೆ ಬರುವ ಹುಡುಗನಿಗೆ ಏನು ಹೇಳಲಿ?

ಸಂಜೆಪಾಠ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಆರು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಎಂಟು ಹತ್ತು ಜನ ನಮ್ಮ ಮನೆಯ ಹಜಾರದಲ್ಲಿ ಸೇರಿ ಉಪನಿಷತ್ತುಗಳನ್ನು ಓದುತ್ತಿದ್ದೇವೆ. ಒಬ್ಬರು ಮೂಲವನ್ನು ಓದುತ್ತಾರೆ, ಇನ್ನೊಬ್ಬರು ಕನ್ನಡದ ಅರ್ಥವನ್ನು ಓದುತ್ತಾರೆ, ಆಮೇಲೆ ಅರ್ಧ ಗಂಟೆ ಮಾತುಕತೆ. ಕಳೆದ ತಿಂಗಳಿಂದ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿರುವ ಹುಡುಗನೊಬ್ಬ ಬರುತ್ತಿದ್ದಾನೆ. ಕರೆಯದೆ ತಾನಾಗಿ ಬಂದವನು, ತಪ್ಪದೆ ಬರುತ್ತಾನೆ, ಗಮನವಿಟ್ಟು ಕೇಳುತ್ತಾನೆ.

ಹಿಂದಿನ ವಾರ ಕಠೋಪನಿಷತ್ತಿನ ‘ಅಣೋರಣೀಯಾನ್ ಮಹತೋ ಮಹೀಯಾನ್’, ಅಂದರೆ ಅಣುವಿಗಿಂತ ಸಣ್ಣದು, ದೊಡ್ಡದಕ್ಕಿಂತ ದೊಡ್ಡದು, ಎಂಬ ಮಂತ್ರಕ್ಕೆ ಬಂದಾಗ ಅವನು ಚೀಲದಿಂದ ನಾಲ್ಕು ಮುದ್ರಿತ ಹಾಳೆಗಳನ್ನು ಹೊರತೆಗೆದ. ಸಾಲುಗಳ ಮೇಲೆ ಹಳದಿ ಶಾಯಿಯ ಗುರುತು ಹಾಕಿದ್ದ. ಒಂದರಲ್ಲಿ ವೈಮಾನಿಕ ಶಾಸ್ತ್ರವೆಂಬ ಗ್ರಂಥದ ರುಕ್ಮ ವಿಮಾನದ ಚಿತ್ರ, ಇನ್ನೊಂದರಲ್ಲಿ ಸಾಯಣಾಚಾರ್ಯರು ಬೆಳಕಿನ ವೇಗವನ್ನು ಹೇಳಿದ್ದರೆಂಬ ಲೆಕ್ಕ, ಮತ್ತೊಂದರಲ್ಲಿ ಸೂರ್ಯನಿಂದ ಓಂಕಾರ ಹೊಮ್ಮುವುದನ್ನು ನಾಸಾ ಧ್ವನಿಮುದ್ರಿಸಿದೆ ಎಂಬ ಬರಹ. ‘ಅಣೋರಣೀಯಾನ್ ಅಂದರೆ ಪರಮಾಣುವಿನ ಒಳಗಿನ ಕಣಗಳು ಆಂಟಿ, ಇಷ್ಟು ದೊಡ್ಡ ವಿಜ್ಞಾನವನ್ನು ಬಿಟ್ಟು ನಾವು ಯಾಕೆ ಬರೀ ಆತ್ಮ, ಬ್ರಹ್ಮ ಅಂತ ಓದುತ್ತಿದ್ದೇವೆ?’ ಎಂದು ಕೇಳಿದ. ಇಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಹಿರಿಯರೊಬ್ಬರು ಸಿಟ್ಟಾಗಿ ಆ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕು ಎಂದುಬಿಟ್ಟರು. ಹುಡುಗನ ಮುಖ ಸಣ್ಣದಾಯಿತು. ನಾನು ಏನೂ ಹೇಳಲಾಗದೆ ಮುಂದಿನ ಮಂತ್ರಕ್ಕೆ ಹೋದೆ, ಅದು ಇಡೀ ವಾರ ಮನಸ್ಸನ್ನು ಕೊರೆಯುತ್ತಿದೆ. ಅವನನ್ನು ಹೀಯಾಳಿಸಲೂ ಬಾರದು, ಗೊತ್ತಿಲ್ಲದ್ದಕ್ಕೆ ಹೂಂಗುಟ್ಟಲೂ ಬಾರದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಾರುಬಲ್ಲವ, ಬೆಂಗಳೂರು

ಮೇಡಂ, ನಾನು ಮೂವತ್ತು ವರ್ಷ ವಿಮಾನಗಳ ರೆಕ್ಕೆಯ ವಿನ್ಯಾಸದಲ್ಲೇ ಕೆಲಸ ಮಾಡಿದವನು. ಹಾಗಾಗಿ ಮೊದಲನೆಯ ಹಾಳೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ವೈಮಾನಿಕ ಶಾಸ್ತ್ರದ ಕಥೆ ನಮ್ಮ ನೆರೆಯದೇ. ಅದನ್ನು ಹೇಳಿ ಬರೆಯಿಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. 1918ರಿಂದ 1923ರವರೆಗೆ ಅವರ ಬಾಯಿಂದ ಬಂದ ಶ್ಲೋಕಗಳನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ಭರದ್ವಾಜ ಮಹರ್ಷಿಗಳ ವಾಣಿ ತಮ್ಮೊಳಗಿಂದ ಹೊರಡುತ್ತದೆ ಎಂಬುದು ಶಾಸ್ತ್ರಿಗಳ ನಂಬಿಕೆ. ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪನವರು. ಮೈಸೂರಿನ ಜಿ.ಆರ್. ಜೋಯಿಸರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ 1973ರಲ್ಲಿ ಪ್ರಕಟಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು.

ಮರುವರ್ಷವೇ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಎಂಬ ಐವರು ಅದನ್ನು ಪರೀಕ್ಷಿಸಿ ಲೇಖನ ಬರೆದರು. ನೋಡದೆಯೇ ತಳ್ಳಿಹಾಕಿದರು ಎಂದು ಹೇಳುವವರು ಇದನ್ನು ಗಮನಿಸಬೇಕು. ಅವರು ಗ್ರಂಥ ಹೇಗೆ ಬಂದಿತೆಂದು ಅದಕ್ಕೆ ಸಂಬಂಧಪಟ್ಟವರನ್ನು ವಿಚಾರಿಸಿದರು, ಭಾಷೆಯನ್ನು ನೋಡಿದರು, ಆಮೇಲೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ವಾಯುಬಲದ ನಿಯಮಗಳಿಗೆ ಒಡ್ಡಿದರು. ಸಂಸ್ಕೃತ ವೈದಿಕವಾಗಿರದೆ ಇತ್ತೀಚಿನದಾಗಿದೆ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದು, ಪಠ್ಯಕ್ಕೂ ಚಿತ್ರಕ್ಕೂ ತಾಳೆಯಾಗುವುದಿಲ್ಲ, ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ ಎಂಬುದು ಅವರ ತೀರ್ಮಾನ.

ಆ ಹುಡುಗನಿಗೆ ರುಕ್ಮ ವಿಮಾನದ ಚಿತ್ರವನ್ನೇ ಮತ್ತೊಮ್ಮೆ ಎದುರಿಗಿಟ್ಟುಕೊಳ್ಳಲು ಹೇಳಿ. ಒಂದರ ಮೇಲೊಂದು ಅಂತಸ್ತುಗಳಿರುವ ಗೋಪುರದಂತಿದೆ. ಮೇಲಕ್ಕೆ ಎತ್ತುವ ಬಲ ಎಲ್ಲಿಂದ ಬರುತ್ತದೆ, ತೂಕದ ನಡು ಎಲ್ಲಿದೆ, ಗಾಳಿ ಪಕ್ಕದಿಂದ ಬೀಸಿದರೆ ಅದು ಮಗುಚದೆ ಹೇಗೆ ನಿಲ್ಲುತ್ತದೆ? ಮೂರನೆಯ ವರ್ಷದವನಾದರೆ ಈ ಮೂರು ಪ್ರಶ್ನೆಗಳನ್ನು ತಾನೇ ಕೇಳಿಕೊಳ್ಳಬಲ್ಲ. ನಾನು ಅವನ ವಯಸ್ಸಿನಲ್ಲಿ ಅದೇ ಚಿತ್ರವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡಿದ್ದೆ; ಅದನ್ನು ತೆಗೆಸಿದ್ದು ಯಾರ ಬೈಗುಳವೂ ಅಲ್ಲ, ಎರಡನೆಯ ಸೆಮಿಸ್ಟರಿನ ಒಂದು ಲೆಕ್ಕ.

ಸುಬ್ಬರಾಯ ಶಾಸ್ತ್ರಿಗಳು ಮೋಸಗಾರರೆಂದು ನಾನು ಹೇಳುವುದಿಲ್ಲ. ರೈಟ್ ಸಹೋದರರು 1903ರಲ್ಲಿ ಹಾರಿದ ಸುದ್ದಿ ಊರೂರಿಗೆ ಮುಟ್ಟುತ್ತಿದ್ದ ಕಾಲದಲ್ಲಿ, ಪರಾಧೀನ ದೇಶದ ಒಬ್ಬ ಸಾತ್ವಿಕ ಪಂಡಿತನ ಮನಸ್ಸು ಆ ಯಂತ್ರವನ್ನು ತನ್ನ ಭಾಷೆಯಲ್ಲಿ ಕನಸಿತು ಎಂದು ನಾನು ತಿಳಿಯುತ್ತೇನೆ. ಇಪ್ಪತ್ತನೆಯ ಶತಮಾನದ ಕನ್ನಡ ನಾಡಿನ ದಾಖಲೆಯಾಗಿ ಅದಕ್ಕೆ ಬೆಲೆ ಇದೆ.

ನವಪಥಿಕ, ಹುಬ್ಬಳ್ಳಿ

ಹಾರುಬಲ್ಲವ ಸರ್, ತಮ್ಮ ಅನುಭವಕ್ಕೆ ಗೌರವವಿಟ್ಟು ಒಂದು ಮಾತು ಹೇಳುತ್ತೇನೆ. ನಾನು ಆ ಹುಡುಗನಿಗಿಂತ ಐದಾರು ವರ್ಷ ದೊಡ್ಡವನಿರಬಹುದು, ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಾನು ಶಾಲೆಯಲ್ಲಿದ್ದಾಗ ನಮ್ಮ ಗ್ರಂಥಗಳ ಹೆಸರು ಪಾಠದಲ್ಲಿ ಬರುತ್ತಿದ್ದುದು ‘ಮೂಢನಂಬಿಕೆ’ ಎಂಬ ಪದದ ಪಕ್ಕದಲ್ಲಿ ಮಾತ್ರ. ಸಂಧ್ಯಾವಂದನೆ ಮಾಡುತ್ತೇನೆಂದು ಹೇಳಿದ ಗೆಳೆಯನೊಬ್ಬನನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ನಕ್ಕದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ನಮಗೆ, ‘ನಿಮ್ಮ ಹಿರಿಯರಿಗೆ ಬೆಳಕಿನ ವೇಗ ಗೊತ್ತಿತ್ತು’ ಎಂದು ಯಾರಾದರೂ ಹೇಳಿದರೆ ಎಷ್ಟು ಹಿತವಾಗುತ್ತದೆಂಬುದು ಆ ಅವಮಾನ ಉಂಡವರಿಗೇ ಗೊತ್ತು.

ಇನ್ನೊಂದು ಮಾತು. ಶಂಕರರು, ರಾಮಾನುಜರು, ಮಧ್ವರು ಒಂದೇ ಬ್ರಹ್ಮಸೂತ್ರಕ್ಕೆ ಮೂರು ಅರ್ಥ ಹೇಳಿದರು, ಮೂವರನ್ನೂ ಆಚಾರ್ಯರೆಂದು ಪೂಜಿಸುತ್ತೇವೆ. ಹಾಗಿರುವಾಗ ಇಂದಿನವರು ಅದೇ ಮಂತ್ರಗಳಿಗೆ ಇಂದಿನ ಅರ್ಥ ಹೇಳಿದರೆ ಅದು ಮಾತ್ರ ತಪ್ಪು ಹೇಗಾಗುತ್ತದೆ? ವಿಮಾನದ ಮಾತು ವೈಮಾನಿಕ ಶಾಸ್ತ್ರವೊಂದರಲ್ಲೇ ಇಲ್ಲ, ಭೋಜರಾಜನ ಸಮರಾಂಗಣ ಸೂತ್ರಧಾರದಲ್ಲೂ ಇದೆ. ಅದು 11ನೆಯ ಶತಮಾನದ್ದು, ಯಾರೂ ನಿನ್ನೆ ಬರೆದದ್ದಲ್ಲ.

ಹಳೇಮೇಷ್ಟ್ರು, ಕೊಪ್ಪ

ತಮ್ಮಾ ನವಪಥಿಕ, ನಿನ್ನ ಎರಡೂ ಮಾತು ನನಗೆ ನಾಟಿತು. ನಾನು ನಲವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು. ನಿನ್ನ ಗೆಳೆಯನನ್ನು ನಿಲ್ಲಿಸಿ ನಕ್ಕವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಾಯಕ್ಕೆ ಹಚ್ಚುವ ಮದ್ದು ಸರಿಯಾದದ್ದೇ ಎಂದು ನೋಡಬೇಕಲ್ಲವೇ?

ಮೂವರು ಆಚಾರ್ಯರ ವಿಷಯವನ್ನೇ ತೆಗೆದುಕೊಳ್ಳೋಣ. ಅವರು ಮೂರು ಅರ್ಥ ಹೇಳಿದ್ದು ನಿಜ, ಮನಸ್ಸಿಗೆ ಬಂದಂತೆ ಹೇಳಿದ್ದಲ್ಲ. ಒಂದು ಗ್ರಂಥದ ತಾತ್ಪರ್ಯ ಯಾವುದೆಂದು ನಿರ್ಣಯಿಸಲು ಆರು ಗುರುತುಗಳನ್ನು ನಮ್ಮವರು ಒಪ್ಪಿಕೊಂಡಿದ್ದರು. ಪ್ರಕರಣ ಯಾವ ಮಾತಿನಿಂದ ಆರಂಭವಾಗಿ ಯಾವುದರಲ್ಲಿ ಮುಗಿಯಿತು, ಯಾವುದನ್ನು ಮತ್ತೆ ಮತ್ತೆ ಹೇಳಿತು, ಬೇರೆ ಯಾವ ಪ್ರಮಾಣದಿಂದಲೂ ತಿಳಿಯದ ಯಾವುದನ್ನು ತಿಳಿಸಿತು, ತಿಳಿದದ್ದಕ್ಕೆ ಫಲ ಏನೆಂದಿತು, ಯಾವುದನ್ನು ಹೊಗಳಿತು, ಯಾವುದಕ್ಕೆ ಯುಕ್ತಿ ಕೊಟ್ಟಿತು: ಇಷ್ಟನ್ನೂ ನೋಡಬೇಕು. ಅದಕ್ಕೂ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಎದುರಾಳಿಯೇ ಮೆಚ್ಚುವಷ್ಟು ಬಲವಾಗಿ ತಾವೇ ಮಂಡಿಸಬೇಕು. ಮೂವರ ನಡುವೆ ಎಂಥ ಜಗಳವಿದ್ದರೂ ಈ ಅಂಗಳ ಒಂದೇ ಆಗಿತ್ತು.

ಈಗ ‘ಅಣೋರಣೀಯಾನ್’ ಎಂಬುದನ್ನು ಈ ಅಂಗಳಕ್ಕೆ ತಾ. ಕಠೋಪನಿಷತ್ತು ಆರಂಭವಾಗುವುದು ನಚಿಕೇತನೆಂಬ ಹುಡುಗ ತಂದೆಯ ಮಾತಿನಿಂದ ಯಮನ ಮನೆಗೆ ಹೋಗುವುದರಿಂದ. ಅವನು ಕೇಳುವ ಪ್ರಶ್ನೆ, ಸತ್ತ ಮನುಷ್ಯ ಇದ್ದಾನೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರೆ, ನಿಜ ಯಾವುದು ಎಂಬುದು. ಯಮ ಅವನಿಗೆ ಆನೆ, ಕುದುರೆ, ಬಂಗಾರ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು ಎಲ್ಲವನ್ನೂ ಕೊಡುತ್ತೇನೆಂದರೂ ಹುಡುಗ ಒಪ್ಪುವುದಿಲ್ಲ. ಅಷ್ಟೆಲ್ಲ ಆದ ಮೇಲೆ ಬರುವ ಮಂತ್ರವಿದು. ಅದರ ಎರಡನೆಯ ಪಾದವೇ ‘ಆತ್ಮಾಸ್ಯ ಜಂತೋರ್ನಿಹಿತೋ ಗುಹಾಯಾಮ್’ ಎನ್ನುತ್ತದೆ, ಈ ಜೀವಿಯ ಹೃದಯದ ಗುಹೆಯಲ್ಲಿ ಇಟ್ಟಿರುವ ಆತ್ಮ ಎಂದು. ಮೊದಲ ಪಾದವನ್ನು ಕತ್ತರಿಸಿಕೊಂಡು ಪ್ರಯೋಗಾಲಯಕ್ಕೆ ಒಯ್ದರೆ ನಚಿಕೇತನ ಪ್ರಶ್ನೆ ಉತ್ತರವಿಲ್ಲದೆ ಯಮನ ಬಾಗಿಲಲ್ಲೇ ಉಳಿದುಬಿಡುತ್ತದೆ. ನನಗೆ ನೋವಾಗುವುದು ಅಲ್ಲಿ.

ಇನ್ನು ಶಬ್ದಾರ್ಥವನ್ನು ಹಾಗೆಯೇ ಹಿಡಿಯುವ ವಿಷಯ. ವೇದದಲ್ಲಿ ‘ಆದಿತ್ಯೋ ಯೂಪಃ’ ಎಂಬ ವಾಕ್ಯವಿದೆ, ಯಜ್ಞದ ಕಂಬವೇ ಸೂರ್ಯ ಎಂದು. ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸಕರು ಅದನ್ನು ಓದಿ ಕಂಬದೊಳಗೆ ಸೌರಶಕ್ತಿ ಇದೆ ಎನ್ನಲಿಲ್ಲ. ಕಂಬ ಕಂಬವೆಂದು ಕಣ್ಣಿಗೆ ಕಾಣುತ್ತಿರುವುದರಿಂದ ಇದು ಅರ್ಥವಾದ, ಹೊಳಪಿನ ಗುಣದಿಂದ ಬಂದ ಹೊಗಳಿಕೆ ಎಂದು ನಿರ್ಣಯಿಸಿದರು. ಶಂಕರಾಚಾರ್ಯರಂತೂ ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಬಿಚ್ಚಿ ಬರೆದಿದ್ದಾರೆ. ಕಣ್ಣಿಗೆ ಕಾಣುವುದಕ್ಕೆ ಕಣ್ಣೇ ಪ್ರಮಾಣ, ವೇದದ ಅಧಿಕಾರ ಕಣ್ಣಿಗೆ ಕಾಣದ್ದರಲ್ಲಿ. ಮಧ್ವಮತದಲ್ಲೂ ಶಾಸ್ತ್ರವು ತಾನು ಯಾವ ಪ್ರತ್ಯಕ್ಷವನ್ನು ಆಧರಿಸಿ ನಿಂತಿದೆಯೋ ಅದನ್ನೇ ಕೆಡವಲಾರದು ಎಂಬ ವಾದವಿದೆ. ಇದನ್ನು ಪಶ್ಚಿಮದವರು ನಮಗೆ ಹೇಳಿಕೊಡಲಿಲ್ಲ.

ಭೋಜರಾಜನ ಗ್ರಂಥ ನಿಜವಾಗಿಯೂ ಹಳೆಯದು, ನೀನು ಅದನ್ನು ನೆನಪಿಸಿದ್ದು ಒಳ್ಳೆಯದಾಯಿತು. ಅದರ ಯಂತ್ರಾಧ್ಯಾಯದಲ್ಲಿ ಹಗುರ ಮರದ ಹಕ್ಕಿ, ಒಳಗೆ ಪಾದರಸ, ಕೆಳಗೆ ಬೆಂಕಿ ಎಲ್ಲ ಇದೆ. ಆದರೆ ಅವುಗಳನ್ನು ಜೋಡಿಸುವ ಬಗೆಯನ್ನು ಹೇಳಿಲ್ಲ. ಗೊತ್ತಿಲ್ಲದೆ ಹೇಳದೆ ಬಿಟ್ಟದ್ದಲ್ಲ, ಗುಟ್ಟು ಕಾಯಲು ಹೇಳಿಲ್ಲ ಎಂದು ಭೋಜನೇ ಬರೆಯುತ್ತಾನೆ. ಮಾಡಿ ನೋಡಲು ಬಾರದ ಯಂತ್ರವನ್ನು ನಾವು ಆಸೆಯ ಲೆಕ್ಕಕ್ಕೆ ಬರೆದುಕೊಳ್ಳಬಹುದೇ ಹೊರತು ಸಾಧನೆಯ ಲೆಕ್ಕಕ್ಕೆ ಬರೆದುಕೊಳ್ಳಲಾಗದು. ವಾಲ್ಮೀಕಿಗಳ ಪುಷ್ಪಕಕ್ಕೂ ಹಂಸಗಳನ್ನು ಹೂಡಿದೆ, ಅದು ಒಡೆಯನ ಇಚ್ಛೆಯಂತೆ ನಡೆಯುತ್ತದೆ. ಕವಿ ಕಂಡದ್ದು ಅರಮನೆಯೊಂದು ಆಕಾಶದಲ್ಲಿ ತೇಲುವುದನ್ನು. ಆ ಹಂಸಗಳನ್ನು ಬಿಚ್ಚಿ ಇಂಧನ ತುಂಬಿಸಿದರೆ ಕಾವ್ಯವೂ ಹೋಗುತ್ತದೆ, ವಿಮಾನವೂ ದಕ್ಕುವುದಿಲ್ಲ.

ತ್ರಿಜ್ಯಾ, ಧಾರವಾಡ

ಎರಡನೆಯ ಹಾಳೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ, ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಈ ಲೆಕ್ಕವನ್ನು ತಂದೇ ತರುತ್ತಾನೆ.

ಸಾಯಣಾಚಾರ್ಯರು 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ವೇದಭಾಷ್ಯ ಬರೆದವರು. ಋಗ್ವೇದದ ಒಂದನೆಯ ಮಂಡಲದ ಐವತ್ತನೆಯ ಸೂಕ್ತದ ನಾಲ್ಕನೆಯ ಮಂತ್ರ ಸೂರ್ಯನನ್ನು ‘ತರಣಿ’ ಎಂದು ಕರೆಯುತ್ತದೆ. ತರಣಿ ಎಂದರೆ ದಾಟುವವನು, ಬೇರೆಯವರು ಹೋಗಲಾರದ ದೊಡ್ಡ ದಾರಿಯನ್ನು ಸವೆಸುವವನು ಎಂದು ಅರ್ಥ ಹೇಳಿ, ಅದಕ್ಕೆ ಬೆಂಬಲವಾಗಿ ಹಿಂದಿನವರ ಒಂದು ಶ್ಲೋಕವನ್ನು ಸಾಯಣರು ಉದ್ಧರಿಸುತ್ತಾರೆ: ಅರ್ಧ ನಿಮೇಷದಲ್ಲಿ 2,202 ಯೋಜನ ಕ್ರಮಿಸುವ ನಿನಗೆ ನಮಸ್ಕಾರ ಎಂದು. ನಿಮೇಷ ಎಂದರೆ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು; ನಮ್ಮ ಗಡಿಯಾರದ ನಿಮಿಷವೆಂದು ತಿಳಿಯಬಾರದು.

ಈಗ ಲೆಕ್ಕ. ವಿಷ್ಣುಪುರಾಣದಲ್ಲಿ 15 ನಿಮೇಷಕ್ಕೆ ಒಂದು ಕಾಷ್ಠೆ, ಮನುಸ್ಮೃತಿಯಲ್ಲಿ 18 ನಿಮೇಷಕ್ಕೆ ಒಂದು ಕಾಷ್ಠೆ. ಮುಂದೆ ಕಾಷ್ಠೆಯಿಂದ ಕಲೆ, ಕಲೆಯಿಂದ ಮುಹೂರ್ತ, ಮುಹೂರ್ತದಿಂದ ದಿನ ಎಂದು ಮೂವತ್ತು ಮೂವತ್ತಾಗಿ ಗುಣಿಸುತ್ತ ಬಂದರೆ, ಮೊದಲನೆಯದರಲ್ಲಿ ನಿಮೇಷ ಸುಮಾರು 0.213 ಸೆಕೆಂಡು, ಎರಡನೆಯದರಲ್ಲಿ ಸುಮಾರು 0.178 ಸೆಕೆಂಡು. ಯೋಜನವೂ ಒಂದೇ ಅಲ್ಲ. ಅರ್ಥಶಾಸ್ತ್ರದ ಮಾನವನ್ನು ಹಿಡಿದು ಸುಮಾರು 14.5 ಕಿಲೋಮೀಟರ್ ಎನ್ನುವವರಿದ್ದಾರೆ; ಆರ್ಯಭಟ ಭೂಮಿಯ ವ್ಯಾಸವನ್ನು 1,050 ಯೋಜನ ಎಂದಿರುವುದರಿಂದ ಅವನದು ಸುಮಾರು 12.1 ಕಿಲೋಮೀಟರ್, ಸೂರ್ಯಸಿದ್ಧಾಂತ ಅದೇ ವ್ಯಾಸವನ್ನು 1,600 ಯೋಜನ ಎಂದಿರುವುದರಿಂದ ಅಲ್ಲಿ ಸುಮಾರು 8 ಕಿಲೋಮೀಟರ್. ಎರಡು ನಿಮೇಷ, ಮೂರು ಯೋಜನ, ಒಟ್ಟು ಆರು ಉತ್ತರಗಳು. ಅವು ಸೆಕೆಂಡಿಗೆ ಸುಮಾರು 1,65,000 ಕಿಲೋಮೀಟರಿನಿಂದ 3,59,000 ಕಿಲೋಮೀಟರಿನವರೆಗೆ ಹರಡಿಕೊಳ್ಳುತ್ತವೆ. ಆರರಲ್ಲಿ ಎರಡು ಬೆಳಕಿನ ವೇಗಕ್ಕೆ ಬಹಳ ಹತ್ತಿರ ಬರುತ್ತವೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಉತ್ತರ ಮೊದಲೇ ಗೊತ್ತಿದ್ದು ಅದಕ್ಕೆ ಹೊಂದುವ ಯೋಜನವನ್ನು ಆರಿಸಿಕೊಂಡರೆ ಅದನ್ನು ಲೆಕ್ಕ ಬಿಡಿಸಿದ್ದು ಎನ್ನುವುದಿಲ್ಲ. ಪರೀಕ್ಷೆಯಲ್ಲಿ ಹಿಂದಿನ ಪುಟದ ಉತ್ತರ ನೋಡಿಕೊಂಡು ನಡುವಿನ ಹಂತಗಳನ್ನು ತುಂಬುವ ಮಕ್ಕಳು ಮಾಡುವುದೂ ಇದನ್ನೇ.

ಅದಕ್ಕಿಂತ ಮುಖ್ಯವಾದದ್ದು, ಆ ಶ್ಲೋಕದಲ್ಲಿ ಚಲಿಸುತ್ತಿರುವವನು ಸೂರ್ಯ. ಬೆಳಕಿನ ಮಾತೇ ಅಲ್ಲಿಲ್ಲ. ಭಾಗವತದ ಐದನೆಯ ಸ್ಕಂಧದಲ್ಲೂ ಸೂರ್ಯನ ರಥ ಒಂದು ಕ್ಷಣಕ್ಕೆ ಎರಡು ಸಾವಿರ ಯೋಜನ ಮತ್ತು ಒಂದು ಗವ್ಯೂತಿ (ಯೋಜನದ ಒಂದು ಭಾಗ) ಓಡುತ್ತದೆ ಎಂದಿದೆ, ಅಲ್ಲಿ ಕ್ಷಣವೆಂದರೆ ಮೂರು ನಿಮೇಷ. ಸಂಖ್ಯೆ ಹತ್ತಿರದ್ದೇ, ಕಾಲ ಆರು ಪಟ್ಟು. ಅದನ್ನು ಮಾತ್ರ ಯಾರೂ ಹಾಳೆಯಲ್ಲಿ ಮುದ್ರಿಸಿ ಹಂಚುವುದಿಲ್ಲ, ಏಕೆಂದರೆ ಅದರಿಂದ ಬೇಕಾದ ಉತ್ತರ ಬರುವುದಿಲ್ಲ.

ನವಪಥಿಕ ಅವರೇ, ಹೆಮ್ಮೆ ಪಡಬೇಕೆಂಬ ನಿಮ್ಮ ಆಸೆ ನನ್ನದೂ ಹೌದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಋಣಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಯಾವ ಸಂಖ್ಯೆಯ ವರ್ಗವೂ ಋಣವಾಗುವುದಿಲ್ಲ ಎಂದು ಅವನು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದ. ಅದೇ ಗ್ರಂಥದಲ್ಲಿ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೂ ಹೇಳಿದ, ಅದು ತಪ್ಪು. ನಾನು ತರಗತಿಯಲ್ಲಿ ಎರಡನ್ನೂ ಕಲಿಸುತ್ತೇನೆ. ಮಹಾವೀರ ತಪ್ಪಬಲ್ಲವನಾಗಿದ್ದ, ಹಾಗಾಗಿಯೇ ಅವನು ಸರಿಯಾದ ಕಡೆ ನಿಜವಾಗಿಯೂ ಸರಿ. ವಿಜ್ಞಾನದವರು ಏನನ್ನು ಕಂಡುಹಿಡಿದರೂ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎನ್ನುವ ವ್ಯಾಖ್ಯಾನ ಎಂದೂ ತಪ್ಪಾಗಲಾರದು. ಅದಕ್ಕೇ ಅದರಿಂದ ನಾವು ಏನನ್ನೂ ಕಲಿಯಲಾರೆವು.

ನವಪಥಿಕ, ಹುಬ್ಬಳ್ಳಿ

ಮೇಡಂ, ಆರು ಉತ್ತರಗಳನ್ನು ನಾನೇ ಹಾಕಿ ನೋಡಿದೆ, ನೀವು ಹೇಳಿದಂತೆಯೇ ಬಂದವು. ಇಷ್ಟು ದಿನ ಆ ಲೆಕ್ಕವನ್ನು ಹತ್ತಾರು ಜನರಿಗೆ ಕಳಿಸಿದ್ದೇನೆ, ಒಮ್ಮೆಯೂ ಯೋಜನ ಎಷ್ಟೆಂದು ಕೇಳಿಕೊಂಡಿರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ಆದರೂ ನನ್ನ ಪ್ರಶ್ನೆ ಪೂರ್ತಿ ತೀರಿಲ್ಲ. ವಿಜ್ಞಾನವನ್ನು ತೆಗೆದುಬಿಟ್ಟರೆ ಆ ಗ್ರಂಥಗಳಲ್ಲಿ ನನಗೆ ಉಳಿಯುವುದೇನು? ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ರಾತ್ರಿ ಹತ್ತು. ಧ್ಯಾನ ಕಲಿಸುತ್ತೇವೆನ್ನುವವರು ಅದನ್ನು ಏಕಾಗ್ರತೆಗೆ, ರಕ್ತದೊತ್ತಡಕ್ಕೆ, ಬಡ್ತಿಗೆ ಎಂದು ಹೇಳುತ್ತಾರೆ. ಪ್ರಾಣ ಎಂದರೆ ಆಮ್ಲಜನಕ, ನಾಡಿ ಎಂದರೆ ನರ, ಚಕ್ರ ಎಂದರೆ ಗ್ರಂಥಿ ಎಂದು ಭಾಷಾಂತರ ಮಾಡಿ ಕೊಟ್ಟಾಗ ಮಾತ್ರ ನನ್ನಂಥವನಿಗೆ ಅದು ಮುಟ್ಟಿದಂತಾಗುತ್ತದೆ. ಇಲ್ಲದಿದ್ದರೆ ನನಗೂ ಅದಕ್ಕೂ ಏನು ಸಂಬಂಧ ಎಂದು ನಿಜವಾಗಿಯೂ ತಿಳಿಯುವುದಿಲ್ಲ.

ಅಂಕಲಿಪಿ, ತುಮಕೂರು

ಸಣ್ಣದೊಂದು ಮಾತು. ನಮ್ಮ ಕನ್ನಡದಲ್ಲೇ ಸಿರಿಭೂವಲಯವಿದೆ. ಕುಮುದೇಂದು ಮುನಿಯದೆಂದು ಹೇಳುವ, ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನೇ 27 ಸಾಲು 27 ಕಂಬಗಳ ಚೌಕಗಳಲ್ಲಿ ತುಂಬಿರುವ ಗ್ರಂಥ. 1953ರಲ್ಲಿ ಅದರ ಮೊದಲ ಭಾಗ ಅಚ್ಚಾಯಿತು. ಅದರಲ್ಲಿ 718 ಭಾಷೆಗಳಿವೆ, ವೈದ್ಯ, ಲೋಹವಿದ್ಯೆ, ವಿಮಾನವಿದ್ಯೆ ಎಲ್ಲ ಇದೆ ಎನ್ನುತ್ತಾರೆ. ಅದರ ಕಾಲದ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನು ಮಗಳ ಜೊತೆ ಕೂತು ಗ್ರಾಫ್ ಪುಸ್ತಕದಲ್ಲಿ ಒಂದು ಚಕ್ರವನ್ನು, ಅಂದರೆ ಅಂಥ ಒಂದು ಚೌಕವನ್ನು, ಬರೆದು, ಓರೆಯಾಗಿ ಹೋಗುವ ಬಂಧವನ್ನು, ಅಂದರೆ ಓದುವ ದಾರಿಯನ್ನು, ಹಿಡಿದು ಅಂಕಿಗಳಿಗೆ ಅಕ್ಷರ ಕೂಡಿಸುತ್ತ ಹೋದಾಗ ಕನ್ನಡದ ಸಾಲೊಂದು ಮೂಡಿತು. 729 ಮನೆಗಳನ್ನು ತುಂಬಲು ಎರಡು ಸಂಜೆ ಹಿಡಿಯಿತು. ಮೂಡಿದ್ದು ಜಿನನ ಸ್ತುತಿ. ಅಷ್ಟೇ ಸಾಕೆನಿಸಿತು. ಒಳಗೆ ಏನೇನಿದೆ ಎನ್ನುವವರು ಹೀಗೆ ಕೂತು ಓದಿ ತೋರಿಸಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ.

ಮಲೆನಾಡಮ್ಮ, ತೀರ್ಥಹಳ್ಳಿ

ನವಪಥಿಕ ಮಗನೇ, ನೀನು ಕೊನೆಗೆ ಕೇಳಿದ ಪ್ರಶ್ನೆಯೇ ಇಡೀ ಚರ್ಚೆಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು. ಸಂಸ್ಕೃತ ನಾನು ಶಾಲೆಯಲ್ಲಿ ಕಲಿತವಳಲ್ಲ, ಅಪ್ಪ ಓದುವುದನ್ನು ಅಡುಗೆಮನೆಯಿಂದ ಕೇಳಿ ಬಾಯಿಪಾಠ ಮಾಡಿಕೊಂಡವಳು. ಮೇಷ್ಟ್ರು ತಪ್ಪಿದ್ದರೆ ತಿದ್ದಬೇಕು.

ಈಶಾವಾಸ್ಯದ ಮೊದಲ ಮಂತ್ರದಲ್ಲಿ ‘ತೇನ ತ್ಯಕ್ತೇನ ಭುಂಜೀಥಾಃ’ ಎಂದಿದೆ. ಬಿಟ್ಟುಕೊಟ್ಟು ಉಣ್ಣು ಎಂದು ಅಪ್ಪ ಅರ್ಥ ಹೇಳುತ್ತಿದ್ದರು. ನನಗದು ಬಹಳ ವರ್ಷ ಬರೀ ಮಾತಾಗಿತ್ತು. ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆಯವರು ಪ್ರತಿದಿನ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಒಲೆಯ ಪಕ್ಕದ ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಅದರ ಮುಚ್ಚಳ ನೆಗ್ಗಿತ್ತು, ಪೂರ್ತಿ ಕೂರುತ್ತಿರಲಿಲ್ಲ. ತಿಂಗಳ ಕೊನೆಗೆ ಅದು ತುಂಬುತ್ತಿತ್ತು, ಯಾರಾದರೊಬ್ಬರು ಬಂದು ಒಯ್ಯುತ್ತಿದ್ದರು. ಒಂದು ಮಳೆಗಾಲ ಗದ್ದೆಗೆ ನೀರು ನುಗ್ಗಿ ನಮಗೇ ಅಕ್ಕಿ ಸಾಲದಾಯಿತು. ಆ ಮೂರು ತಿಂಗಳೂ ಅತ್ತೆ ಹಿಡಿ ಅಕ್ಕಿ ನಿಲ್ಲಿಸಲಿಲ್ಲ, ಹಿಡಿಯನ್ನು ಚಿಕ್ಕದು ಮಾಡಿದರು ಅಷ್ಟೆ. ನಾನು ಒಮ್ಮೆ ಕೇಳಿದ್ದಕ್ಕೆ, ‘ತೆಗೆದಿಟ್ಟ ಮೇಲೆ ಉಳಿದದ್ದು ನಮ್ಮದು, ಅದಕ್ಕೆ ಮೊದಲು ನಮ್ಮದು ಯಾವುದು?’ ಎಂದರು. ಅವರಿಗೆ ಈಶಾವಾಸ್ಯದ ಹೆಸರೂ ಗೊತ್ತಿರಲಿಲ್ಲ. ಅಪ್ಪ ಹೇಳಿದ ಅರ್ಥ ಆ ದಿನ ನನಗೆ ತಿಳಿಯಿತು.

ನಿನಗೂ ಅದಕ್ಕೂ ಏನು ಸಂಬಂಧ ಎಂದೆಯಲ್ಲ, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗಿನ ನಿನ್ನ ಹೊತ್ತಿನಲ್ಲಿ ತೆಗೆದಿಡುವ ಒಂದು ಹಿಡಿ ಎಲ್ಲಿದೆ ಎಂದು ನೋಡು. ಪ್ರಾಣವೆಂದರೆ ಆಮ್ಲಜನಕವೋ ಅಲ್ಲವೋ ನಾನು ಹೇಳಲಾರೆ. ನಮ್ಮವರು ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ರಾತ್ರಿ ಎದ್ದು ಕೂತು ಅವರ ಉಸಿರನ್ನು ಎಣಿಸುತ್ತಿದ್ದೆ. ಆಗ ಪ್ರಾಣ ಎಂಬ ಮಾತಿಗೆ ಬೇರೆ ಅರ್ಥ ಬೇಕೆನಿಸಲಿಲ್ಲ.

ಹಳೇಮೇಷ್ಟ್ರು, ಕೊಪ್ಪ

ಅಮ್ಮಾ, ತಿದ್ದುವುದಕ್ಕೇನೂ ಇಲ್ಲ. ‘ತ್ಯಕ್ತೇನ’ ಎಂಬುದಕ್ಕೆ ತ್ಯಾಗದಿಂದ ಎಂದು ಶಂಕರಭಾಷ್ಯ, ದೇವರು ಕೊಟ್ಟದ್ದರಿಂದ ಎಂದು ಮಾಧ್ವರ ಕಡೆಯ ಅರ್ಥ. ನಿಮ್ಮ ಅತ್ತೆಯವರ ಡಬ್ಬಿಯಲ್ಲಿ ಎರಡಕ್ಕೂ ಜಾಗವಿದೆ.

ನವಪಥಿಕನಿಗೆ ಒಂದೇ ಸೇರಿಸುತ್ತೇನೆ. ಮುಂಡಕೋಪನಿಷತ್ತಿನ ಆರಂಭದಲ್ಲೇ ಪರಾ ವಿದ್ಯೆ (ಮೇಲಿನ ಅರಿವು), ಅಪರಾ ವಿದ್ಯೆ (ಕೆಳಗಿನ ಅರಿವು) ಎಂದು ಎರಡನ್ನು ಹೇಳಿ, ಋಗ್ವೇದ, ಯಜುರ್ವೇದ, ಸಾಮವೇದ, ಅಥರ್ವವೇದ, ವ್ಯಾಕರಣ, ಜ್ಯೋತಿಷ ಎಲ್ಲವನ್ನೂ ಅಪರಾ ವಿದ್ಯೆಯಲ್ಲಿ ಎಣಿಸಿಬಿಡುತ್ತಾರೆ. ವೇದದ ಭಾಗವಾದ ಗ್ರಂಥವೇ ವೇದವನ್ನು ಕೆಳಗಿನ ಸಾಲಿನಲ್ಲಿ ಕೂರಿಸುವಷ್ಟು ಧೈರ್ಯ ತೋರಿದೆ. ಅದಕ್ಕೆ ಪರಮಾಣುವಿನಿಂದ ಮರ್ಯಾದೆ ತಂದುಕೊಡುವ ಅಗತ್ಯ ಬಿದ್ದಿಲ್ಲ. ಯಾವುದನ್ನು ತಿಳಿದರೆ ಎಲ್ಲವೂ ತಿಳಿದಂತಾಗುತ್ತದೆ ಎಂದು ಶೌನಕ ಅಲ್ಲಿ ಕೇಳುತ್ತಾನೆ. ನೀನು ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಕೇಳುತ್ತಿರುವುದೂ ಅದರಿಂದ ದೂರದ್ದಲ್ಲ.

ಸಂಜೆಪಾಠ, ಮೈಸೂರು

ಎಲ್ಲರಿಗೂ ಋಣಿ. ನಿನ್ನೆ ಶನಿವಾರ ಏನಾಯಿತೆಂದು ಹೇಳಬೇಕು.

ಹುಡುಗ ಬರುವುದಿಲ್ಲವೆಂದುಕೊಂಡಿದ್ದೆ, ಬಂದ. ನಾನು ಮೊದಲು ಹಿಂದಿನ ವಾರದ ಮೌನಕ್ಕೆ ಕ್ಷಮೆ ಕೇಳಿದೆ. ಗದರಿಸಿದ್ದ ಹಿರಿಯರು ತಾವಾಗಿ ಆ ಹಾಳೆಗಳನ್ನು ಕೊಡು ನೋಡೋಣ ಎಂದರು. ತ್ರಿಜ್ಯಾ ಅವರ ಲೆಕ್ಕವನ್ನು ನಾನು ಓದಿ ಹೇಳುವ ಬದಲು ಅವನ ಕೈಗೇ ಪೆನ್ನು ಕೊಟ್ಟೆ. ಹಾಳೆಯ ಹಿಂಬದಿಯಲ್ಲಿ ಆರು ಸಾಲು ಬರೆದ, ನಾಲ್ಕನೆಯ ಉತ್ತರ ಬೆಳಕಿನ ವೇಗಕ್ಕೆ ಸರಿಹೊಂದಿದಾಗ ತಲೆಯೆತ್ತಿ ನಕ್ಕ, ಆರನೆಯದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಾಗಾದರೆ ಯೋಜನ ಎಷ್ಟು ಅಂತ ಯಾರಿಗೆ ಗೊತ್ತು?’ ಎಂದ. ರುಕ್ಮ ವಿಮಾನದ ಮೂರು ಪ್ರಶ್ನೆಗಳನ್ನು ಬರೆದುಕೊಂಡಿದ್ದಾನೆ, ಕಾಲೇಜಿನಲ್ಲಿ ಪ್ರಾಧ್ಯಾಪಕರನ್ನು ಕೇಳುತ್ತಾನಂತೆ. ಸೂರ್ಯನ ಓಂಕಾರದ ಹಾಳೆಯನ್ನು ಮಾತ್ರ ತಾನೇ ಮಡಿಸಿ ಪಕ್ಕಕ್ಕಿಟ್ಟ, ನಡುವಿನ ನಿರ್ವಾತದಲ್ಲಿ ಶಬ್ದ ಹೇಗೆ ಬರುತ್ತದೆಂದು ಅವನಿಗೇ ಅನುಮಾನ ಬಂದಿತ್ತು.

ಆಮೇಲೆ ಕಠೋಪನಿಷತ್ತಿಗೆ ಹಿಂದಿರುಗಿ ಯಮ ಆಸೆ ತೋರಿಸುವ ಭಾಗವನ್ನು ಅವನಿಂದಲೇ ಕನ್ನಡದಲ್ಲಿ ಓದಿಸಿದೆವು. ‘ನೂರು ವರ್ಷ ಬಾಳುವ ಮಕ್ಕಳನ್ನು ಕೇಳಿಕೋ’ ಎಂಬಲ್ಲಿ ನಿಲ್ಲಿಸಿ, ನಚಿಕೇತ ಅಷ್ಟು ದೊಡ್ಡದನ್ನು ಬೇಡವೆಂದು ಹೇಗೆ ಹೇಳಿದ ಎಂದು ಕೇಳಿದ. ನಾವು ಎಂಟು ಜನರಲ್ಲಿ ಯಾರೂ ಉತ್ತರಿಸಲಿಲ್ಲ, ಮಾತು ಅಲ್ಲಿಗೆ ನಿಂತಿದೆ. ಮುಂದಿನ ಶನಿವಾರ ಅಲ್ಲಿಂದಲೇ ಆರಂಭಿಸುತ್ತೇವೆ. ಹಳೇಮೇಷ್ಟ್ರಿಗೆ ಬಿಡುವಿದ್ದರೆ ಸಂಜೆ ಆರೂವರೆಗೆ ಫೋನಿನಲ್ಲಾದರೂ ಜೊತೆಗೂಡಬೇಕೆಂದು ಕೋರುತ್ತೇನೆ.